ಬಾಗಿಲಿಗೆ ಬಂತು ಕಸ, ಪರಾಕ್!

2025ರ ದೀಪಾವಳಿ ಮುಗಿದು ಪಟಾಕಿ ಕಾಗದ ಇನ್ನೂ ಬೀದಿಯಲ್ಲೇ ಹಾರಾಡುತ್ತಿತ್ತು. ಅಷ್ಟರಲ್ಲಿ ಬೆಂಗಳೂರಿಗೆ ಮತ್ತೊಂದು ಹಬ್ಬ ಬಂತಲ್ಲ, ‘ಕಸ ಸುರಿಯುವ ಹಬ್ಬ’, ಅದರ ಗುಂಗು ನನಗಿನ್ನೂ ಇಳಿದಿಲ್ಲ. ನಡೆಸಿದ್ದು ಊರಿನ ಕಸ ಎತ್ತಿಸುವ ಸರಕಾರಿ ಕಂಪನಿ. ಬೀದಿಗೆ ಕಸ ಎಸೆದವನ ವಿಡಿಯೊ ತೆಗೆಯುವುದು, ಅವನ ಮನೆ ಹುಡುಕುವುದು, ಬಾಗಿಲ ಮುಂದೆ ಕಸ ಸುರಿಯುವುದು, ದಂಡ ವಸೂಲಿ ಮಾಡುವುದು. ನಮ್ಮ ಬೀದಿಯವರೆಲ್ಲ ಆ ವಿಡಿಯೊ ನೋಡಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಸುಮ್ನೆ ಯೋಚನೆ ಬಂತು. ವಾರಕ್ಕೆ ಎರಡು ದಿನ ಕಸದ ಆಟೊ ನಮ್ಮ ಬೀದಿಯ ದಾರಿ ಮರೆಯುತ್ತದೆ. ಆದರೆ ಕಸ ವಾಪಸ್ ಕೊಡಲು ಹೊರಟ ಗಾಡಿಗೆ ಮನೆ ನಂಬರ್ ಸಮೇತ ವಿಳಾಸ ಸಿಗುತ್ತದೆ. ಇಂಥ ಪ್ರತಿಭೆ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಇದಕ್ಕೆ ಮನೆತನ ಬೇಕು. ಮನೆತನ ಇದೆ.

1897ರ ಪುಣೆ ನೆನಪಿದೆಯಲ್ಲ? ಪ್ಲೇಗ್ ಬಂದಿತ್ತು. ಅಲ್ಲಿನ ಪ್ಲೇಗ್ ಅಧಿಕಾರಿ ರಾಂಡ್ ಸಾಹೇಬರು ಗೋರಾ ಸೋಲ್ಜರುಗಳನ್ನು ಕರೆದುಕೊಂಡು ಮನೆಮನೆಗೆ ನುಗ್ಗಿಸಿದರು. ರೋಗಿ ಹುಡುಕುವುದು ಕೆಲಸ. ಅದರ ಜೊತೆಗೆ ಮನೆಯ ಹಾಸಿಗೆ, ಬಟ್ಟೆಬರೆ ಎಲ್ಲ ಬೀದಿಗೆ ಬಂದು ಬೆಂಕಿಗೆ ಬಿತ್ತು. ಆಗ ಮನೆಯೊಳಗಿನದನ್ನು ಬೀದಿಗೆ ಹಾಕಿದರು. ಈಗ ಬೀದಿಯಲ್ಲಿದ್ದುದನ್ನು ಮನೆಗೆ ಹಾಕುತ್ತಾರೆ. 128 ವರ್ಷಕ್ಕೆ ಇಷ್ಟಾದರೂ ಸುಧಾರಣೆ ಆಯಿತಲ್ಲ, ಸಂತೋಷ.

ಮುಂಬೈಯದು ಇನ್ನೂ ಸೊಗಸು. 1896ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗ್ ಕಾಣಿಸಿತು. ಜನ ಸಾಯುವ ಮೊದಲು ಇಲಿ ಸಾಯುತ್ತಿದ್ದವು. ಇದು ಓಣಿಯ ಮಕ್ಕಳಿಗೂ ಕಾಣುತ್ತಿತ್ತು. ಆದರೆ ನಗರದ ಆರೋಗ್ಯ ಖಾತೆಗೆ ಸಂಶಯ ಇದ್ದದ್ದು ಕೊಳೆಯ ಮೇಲೆ, ಗಾಳಿಯ ಮೇಲೆ, ಬಡವರ ಚಾಳಿನ ಮೇಲೆ. ಚರಂಡಿಗೆ ಕಾರ್ಬಾಲಿಕ್ ಎಂಬ ಕ್ರಿಮಿನಾಶಕ ಸುರಿದರು. ಗೋಡೆಗೆ ಸುಣ್ಣ ಬಳಿದರು. ಬಿಸಿಲು ಬೀಳಲಿ ಅಂತ ಹೆಂಚು ಕಿತ್ತರು. ನೆಲ ಅಗೆದರು. ಬೆಟ್ಟ ಅಗೆದು ಇಲಿ ಹಿಡಿದವರನ್ನು ನೋಡಿ ನಾವು ನಗುತ್ತೇವಲ್ಲ, ಇವರು ಅಗೆದರು, ಇಲಿಯನ್ನೂ ಹಿಡಿಯಲಿಲ್ಲ. ಕೊನೆಗೆ ಮನೆಗಳ ಮೇಲೆ ‘ಯುಎಚ್‌ಎಚ್’ ಅಂತ ಮೂರಕ್ಷರ ಬರೆದು ಹೋದರು. ಅಂದರೆ ಇದು ಮನುಷ್ಯರು ವಾಸಿಸಲು ಲಾಯಕ್ಕಲ್ಲ ಅಂತ. ಒಳಗಿದ್ದ ಮನುಷ್ಯರು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಅಕ್ಷರ ಸಾಲಲಿಲ್ಲವೇನೋ.

1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕೂತು, ಪ್ಲೇಗನ್ನು ಹೊತ್ತೊಯ್ಯುವುದು ಇಲಿಯ ಮೈಮೇಲಿನ ಚಿಗಟ ಅಂತ ತೋರಿಸಿಕೊಟ್ಟ. ಸರಕಾರದ ಪ್ಲೇಗ್ ಆಯೋಗ ಅದನ್ನು ತಳ್ಳಿಹಾಕಿತು. ಚಿಗಟಕ್ಕೆ ದಂಡ ಹಾಕಲು ಆಗುವುದಿಲ್ಲವಲ್ಲ, ಪಾಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಹಳ್ಳಿಯವರ ಪದ್ಧತಿ ಅಂದುಕೊಂಡಿದ್ದೆ. ಸಾಮ್ರಾಜ್ಯಕ್ಕೂ ಅದೇ ಚಿಕಿತ್ಸೆ ಗೊತ್ತಿತ್ತು.

ಆ ಗಡಿಬಿಡಿಯಲ್ಲೇ ಹುಟ್ಟಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದನ್ನು ಒಮ್ಮೆ ಓದಿ, ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ಹುಟ್ಟಿದಾಗ ಇದ್ದದ್ದು ನಾಲ್ಕೇ ಸೆಕ್ಷನ್. ನನ್ನ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವ ನಿಯಮಗಳೇ ಇದಕ್ಕಿಂತ ಉದ್ದ ಇವೆ. ಮೊದಲನೆಯದು ಕಾಯ್ದೆಯ ಹೆಸರು. ಎರಡನೆಯದು, ಸರಕಾರ ಬೇಕೆನಿಸಿದ ನಿಯಮ ಮಾಡಬಹುದು. ಮೂರನೆಯದು, ಕೇಳದವರಿಗೆ ಶಿಕ್ಷೆ. ನಾಲ್ಕನೆಯದು, ಒಳ್ಳೆ ಮನಸ್ಸಿನಿಂದ ಮಾಡಿದ್ದಕ್ಕೆ ಅಧಿಕಾರಿಯ ಮೇಲೆ ಕೇಸು ಹಾಕುವಂತಿಲ್ಲ. ಆಸ್ಪತ್ರೆ ಕಟ್ಟಬೇಕು, ನೀರು ಕೊಡಬೇಕು, ಚರಂಡಿ ತೋಡಬೇಕು ಅಂತ ಒಂದು ಸಾಲೂ ಇಲ್ಲ. ಕೊರೊನಾ ಬಂದಾಗ, 2020ರಲ್ಲಿ, ಇದೇ ಮುದುಕನನ್ನು ಎಬ್ಬಿಸಿ ಕೂರಿಸಿದರು. ಹಲ್ಲು ಗಟ್ಟಿಯಾಗಿಯೇ ಇತ್ತು.

ನಮ್ಮ ಬೆಂಗಳೂರನ್ನು ಬಿಟ್ಟರೆ ತಪ್ಪಾಗುತ್ತದೆ. ಆಗ ಊರು ಎರಡು. ಪೇಟೆ ಮೈಸೂರು ಮಹಾರಾಜರದ್ದು, ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷ್ ರೆಸಿಡೆಂಟರದ್ದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ನಡುವೆ ಕಬ್ಬನ್ ಪಾರ್ಕು. 1898ರ ಆಗಸ್ಟಿನಲ್ಲಿ ಪ್ಲೇಗ್ ಬಂತು, ರೈಲು ಹತ್ತಿ ಬಂತು. ಚಿಕ್ಕಪೇಟೆಯ ಇಲಿ ಹಲಸೂರಿಗೆ ಹೋಗಬೇಕಾದರೆ ಯಾರ ಅಪ್ಪಣೆ ತೆಗೆದುಕೊಳ್ಳಬೇಕಿತ್ತು? ದಂಡಿನಲ್ಲಿ ಸತ್ತ ಪೇಟೆ ಇಲಿಯನ್ನು ಎತ್ತುವವರು ಯಾರು? ಕಡತ ಯಾವ ಮೇಜಿಗೆ? ಇವೆಲ್ಲ ನನ್ನ ತಲೆಹರಟೆ, ಇರಲಿ. ಆದರೆ ನಿಜವಾಗಿ ನಡೆದದ್ದನ್ನೂ ಹೇಳಬೇಕು. ಊರನ್ನು ನಾಲ್ಕು ವಾರ್ಡ್ ಮಾಡಿದರು, ಆರೋಗ್ಯಾಧಿಕಾರಿಯನ್ನು ನೇಮಿಸಿದರು, ಪ್ಲೇಗ್ ಕೆಲಸಕ್ಕೆ ಅಂತಲೇ ಟೆಲಿಫೋನ್ ತಂತಿ ಎಳೆದರು. ಬೆಂಗಳೂರಿನವರು ದೂರು ಹೇಳಲು ಫೋನ್ ಹಿಡಿದು ಕಾಯುವ ವಿದ್ಯೆಗೆ ಅಡಿಪಾಯ ಬಿದ್ದದ್ದು ಆವಾಗಲೇ ಅಂತ ನನ್ನ ಗುಮಾನಿ.

ಪೇಟೆಯ ಜನ ಫೋನಿಗೆ ಕಾಯಲಿಲ್ಲ. ಅಜ್ಜಿಯಂದಿರಿಗೆ ಒಂದೇ ಸೂತ್ರ ಗೊತ್ತಿತ್ತು: ಇಲಿ ಬಿದ್ದರೆ ಮನೆ ಬಿಡು. ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲು ಹಾಕಿಕೊಂಡರು. ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿ, ಮೊಸರನ್ನ ಇಟ್ಟು, ತಾಯೀ ಮುಂದಕ್ಕೆ ಹೋಗು ಅಂದರು. ಆಯೋಗಕ್ಕಿಂತ ಅಜ್ಜಿಯೇ ಇಲಿಯ ಹತ್ತಿರ ಇದ್ದಳು ನೋಡಿ. ಆಮೇಲೆ ದಂಡಿನಲ್ಲಿ ಪ್ಲೇಗೇ ನುಗ್ಗದ ಬಡಾವಣೆ ಅಂತ ಫ್ರೇಜರ್ ಟೌನ್ ಕಟ್ಟಿದರು. ಈಗ ಅದರ ಹೆಸರು ಪುಲಕೇಶಿನಗರ. ಹೆಸರು ಬದಲಾದದ್ದನ್ನು ಅಲ್ಲಿನ ಇಲಿಗಳಿಗೆ ಯಾರೂ ತಿಳಿಸಿದಂತಿಲ್ಲ.

ಪೇಟೆಯ ಕಡೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಗಲ ರಸ್ತೆ, ಗಾಳಿ, ಬೆಳಕು. ಮನೆಯ ಹಿಂದೆ ಒಂದು ಸಣ್ಣ ಓಣಿ, ಕನ್ಸರ್ವೆನ್ಸಿ. ನಮ್ಮ ಮನೆ ಹಿಂದೆಯೂ ಇದೆ. ಯಾಕೆ ಗೊತ್ತಲ್ಲ? ಕಕ್ಕಸಿನ ಮಲ ಬಳಿದು ಹೊರುವವರು ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ. ಮುಂಬಾಗಿಲ ರಂಗೋಲಿಗೆ ಅವರ ನೆರಳು ಬೀಳಬಾರದು ಅಂತ. ಊರಿನ ನಕ್ಷೆಯಲ್ಲೇ ಸ್ಕೇಲು ಇಟ್ಟು ಎಳೆದ ಗೆರೆ ಅದು.

1896ರ ಮುಂಬೈಯಲ್ಲಿ ಅಧಿಕಾರಿಗಳನ್ನು ನಿಜವಾಗಿ ನಡುಗಿಸಿದ್ದು ಒಂದೇ ಯೋಚನೆ. ಮಲ ಬಳಿಯುವ ಹಲಾಲ್‌ಖೋರರು ಹೆದರಿ ಊರು ಬಿಟ್ಟರೆ ಏನು ಗತಿ? ಆ ಭಯಕ್ಕೇ ಬಿಗಿ ನಿಯಮಗಳನ್ನು ಸ್ವಲ್ಪ ಸಡಿಲ ಮಾಡಿದರು. ಅವರಿಲ್ಲದೆ ಒಂದು ವಾರವೂ ನಗರ ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟದ್ದು ಏನು? ನಾವಾದರೂ ಏನು ಕೊಟ್ಟೆವು? ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ನಮ್ಮ ರಾಜ್ಯದಲ್ಲಿ 1970ರ ದಶಕದವರೆಗೆ, ಬಸವಲಿಂಗಪ್ಪನವರು ಮಂತ್ರಿಯಾಗುವವರೆಗೆ ಕಾಯಬೇಕಾಯಿತು. 1993ರಲ್ಲಿ ದೇಶಕ್ಕೊಂದು ಕಾನೂನು ಬಂತು. ಅದು ಸಾಲದು ಅಂತ 2013ರಲ್ಲಿ ಇನ್ನೊಂದು. ಆದರೂ ಮ್ಯಾನ್‌ಹೋಲಿಗೆ ಇಳಿದವರು ಹೆಣವಾಗಿ ಮೇಲೆ ಬಂದರು ಅಂತ ಸುದ್ದಿ ಓದುತ್ತಲೇ ಇದ್ದೇವೆ. ಓದಿ ಪೇಪರ್ ಮಡಚಿಡುತ್ತೇವೆ. ನನಗೆ ಇದರಲ್ಲಿ ತಮಾಷೆ ಮಾಡಲು ಏನೂ ಸಿಗುತ್ತಿಲ್ಲ.

ಆ ಹಬ್ಬದ ವಿಡಿಯೊ ಇನ್ನೊಮ್ಮೆ ನೋಡಿ. ಮನೆಯವನ ಮುಖ ನೋಡಬೇಡಿ, ಕಸ ಸುರಿಯುವ ಕೈ ನೋಡಿ. ಗಾಡಿಗೆ ತುಂಬಿದ್ದು ಆ ಕೈ. ಬಾಗಿಲಿಗೆ ಸುರಿದದ್ದು ಆ ಕೈ. ದಂಡ ಕಟ್ಟಿದ ಮೇಲೆ ಮತ್ತೆ ಬಳಿದು ಗಾಡಿಗೆ ಹಾಕಬೇಕಾದ್ದೂ ಅದೇ ಕೈ. ಒಂದೇ ಕಸವನ್ನು ಎಷ್ಟು ಸಲ ಎತ್ತಿಸುತ್ತೀರಿ ಸ್ವಾಮಿ? ಪಾಠ ಕಲಿಸಬೇಕಿದ್ದದ್ದು ಯಾರಿಗೆ, ಸೊಂಟ ನೋವು ಯಾರಿಗೆ?

ಹೋಗಲಿ ಬಿಡಿ. 1949ರಲ್ಲಿ ಪೇಟೆ, ದಂಡು ಎರಡನ್ನೂ ಸೇರಿಸಿ ಒಂದು ಪಾಲಿಕೆ ಮಾಡಿದ್ದರು. 2025ರಲ್ಲಿ ಅದನ್ನು ಒಡೆದು ಐದು ಮಾಡಿದ್ದಾರೆ. ಎರಡಿದ್ದಾಗಲೇ ಇಲಿಗೆ ಗೊಂದಲ. ಇದನ್ನು ಬರೆಯುವಾಗ ಹಿತ್ತಲ ಕನ್ಸರ್ವೆನ್ಸಿಯಲ್ಲಿ ಒಂದು ಹೆಗ್ಗಣ ಓಡಿತು, ಒಳ್ಳೆ ಬೆಕ್ಕಿನ ಗಾತ್ರದ್ದು. ದೂರು ಕೊಡೋಣ ಅಂತ ಫೋನ್ ತೆಗೆದೆ. ಅದು ಯಾವ ಪಾಲಿಕೆಯ ಹೆಗ್ಗಣ ಅಂತ ಗೊತ್ತಾಗದೆ ಮತ್ತೆ ಜೇಬಿಗೆ ಹಾಕಿಕೊಂಡೆ.