ಸಾಂಬಾ ಶಾಲೆಯಲ್ಲಿ ಹದಿಮೂರರ ಮಗ್ಗಿ

"ಶನಿವಾರ ಸಂಜೆ ಶಾಲೆಗೆ ಬಾ ಮಗು" ಅಂತ ಕೆಳಗಿನ ಮನೆಯ ಅಜ್ಜಿ ಕರೆದರು. ನಾನು ನೋಟ್‌ಬುಕ್ಕು, ಪೆನ್ನು, ನೀರಿನ ಬಾಟಲಿ ಹಿಡಿದು ಆರು ಗಂಟೆಗೆ ಸರಿಯಾಗಿ ಹಾಜರಾದೆ. ಕಂಪನಿಯವರು ನನ್ನನ್ನು ಬೆಂಗಳೂರಿನಿಂದ ರಿಯೊ ಡಿ ಜನೈರೊಗೆ ಕಳಿಸಿ ಆಗಿನ್ನೂ ಮೂರು ತಿಂಗಳು. ಪೋರ್ಚುಗೀಸ್‌ನಲ್ಲಿ 'ಎಸ್ಕೋಲಾ' ಅಂದರೆ ಶಾಲೆ ಅನ್ನುವಷ್ಟು ಮಾತ್ರ ಕಲಿತಿದ್ದೆ. ಅಷ್ಟೇ ಸಾಕಾಯಿತು ಮರ್ಯಾದೆ ಹೋಗೋಕೆ.

ಅಲ್ಲಿದ್ದದ್ದು ಕಲ್ಯಾಣ ಮಂಟಪದ ಊಟದ ಹಾಲ್‌ನಂಥ ದೊಡ್ಡ ಖಾಲಿ ಜಾಗ, ಕಸ ಗುಡಿಸುವ ಒಬ್ಬ ಹುಡುಗ, ಒಂದು ನಾಯಿ. ತಾಲೀಮು ಶುರುವಾದದ್ದು ರಾತ್ರಿ ಹತ್ತೂವರೆಗೆ. ಅಷ್ಟೊತ್ತಿಗೆ ನಾಯಿ ನನ್ನ ಕಾಲ ಮೇಲೆ ತಲೆಯಿಟ್ಟು ಒಂದು ನಿದ್ದೆ ಮುಗಿಸಿತ್ತು.

'ಎಸ್ಕೋಲಾ ಜಿ ಸಾಂಬಾ' ಅಂದರೆ ಸಾಂಬಾ ಶಾಲೆ. ಪಾಠ, ಪರೀಕ್ಷೆ ಏನೂ ಇಲ್ಲದ, ಕಾರ್ನಿವಲ್ ಹಬ್ಬದಲ್ಲಿ ಸಾಂಬಾ ಹಾಡಿ ಕುಣಿಯುತ್ತಾ ಮೆರವಣಿಗೆ ಹೊರಡುವ ಒಂದು ಬಡಾವಣೆಯ ಕ್ಲಬ್ ಅದು. 1928ರಲ್ಲಿ ಎಸ್ಟಾಸಿಯೊ ಅನ್ನುವ ಕಡೆ ಮೊದಲನೆಯದು ಹುಟ್ಟಿತು. ಹತ್ತಿರದಲ್ಲೇ ಮೇಷ್ಟರುಗಳನ್ನು ತಯಾರು ಮಾಡುವ ಶಾಲೆ ಇತ್ತಂತೆ, ಹಾಗಾದರೆ ನಮ್ಮದೂ ಶಾಲೆಯೇ ಅಂದುಕೊಂಡರಂತೆ. ಆ ಕ್ಲಬ್ಬಿನ ಹೆಸರು 'ಡೇಷಾ ಫಲಾರ್', ಅಂದರೆ 'ಆಡಿಕೊಳ್ಳಲಿ ಬಿಡು'. ಆಗ ಸಾಂಬಾ ಬಡವರ ಗದ್ದಲ, ಪೊಲೀಸರ ಕಣ್ಣು ಇವರ ಮೇಲೇ. ಹೆಸರಿನಲ್ಲೇ ಉತ್ತರ ಕೊಟ್ಟವರನ್ನು ನೋಡಿದರೆ ನನಗೆ ಖುಷಿ. 1932ರಲ್ಲಿ ಒಂದು ಕ್ರೀಡಾ ಪತ್ರಿಕೆಯವರು ಈ ಶಾಲೆಗಳಿಗೆ ಪೈಪೋಟಿ ಹಚ್ಚಿದರು. ಮಾಂಗೇರಾ ಅನ್ನುವ ಶಾಲೆ ಗೆದ್ದಿತು. ಪೈಪೋಟಿ ಇನ್ನೂ ನಿಂತಿಲ್ಲ.

ನಮ್ಮ ಶಾಲೆಯ ಹೆಸರು ನಾನು ಹೇಳುವುದಿಲ್ಲ. ಅವರಿಗೂ ಮಾನ ಇದೆ.

ನಮ್ಮ ಕಟ್ಟಡದ ವಾಚ್‌ಮನ್ ಅಲ್ಲಿ ಸುರ್ದು ಬಾರಿಸುತ್ತಿದ್ದ. ಅದು ಡೊಳ್ಳಿಗಿಂತ ಗಡುಸಾದ ದನಿಯ ದೊಡ್ಡ ಡ್ರಮ್ಮು, ಹೊಟ್ಟೆಯೊಳಗೇ ಬಡಿದಂತಾಗುತ್ತದೆ. ನನಗೆ ಕ್ಷೌರ ಮಾಡುವವನು ಶಾಲೆಯ ಬಾವುಟ ಹಿಡಿದ ಹುಡುಗಿಯ ಸುತ್ತ ರಾಜಕುಮಾರನ ಥರ ಬಾಗಿ ಬಾಗಿ ಕುಣಿಯುತ್ತಿದ್ದ. ಅಜ್ಜಿ ಬಯಾನಾ ಸಾಲಿನವರು. ಇವರು ಛತ್ರಿಯಂತೆ ಅಗಲವಾದ ಲಂಗ ತೊಟ್ಟು ಗಿರಗಿರ ಸುತ್ತುತ್ತಾರೆ. ಬ್ರೆಜಿಲ್‌ನದೇ ಬಾಹಿಯಾ ರಾಜ್ಯದಿಂದ ಬಂದ ಸಿಯಾತಾ ಅತ್ತೆಯಂಥ ಹೆಂಗಸರ ಮನೆಗಳಲ್ಲಿ ಸಾಂಬಾ ಬೆಳೆಯಿತಲ್ಲ, ಆ ನೆನಪಿಗೆ ಈ ಸಾಲು. ಇದಕ್ಕೆ ಬೇರೆ ಅಂಕವಿಲ್ಲ, ಆದರೆ ಇದಿಲ್ಲದೆ ಮೆರವಣಿಗೆಯೂ ಇಲ್ಲ. ಆ ಲಂಗವನ್ನು ಒಮ್ಮೆ ಎತ್ತಿ ನೋಡಿದೆ. ಅಕ್ಕಿ ಮೂಟೆ! ಎಪ್ಪತ್ತು ದಾಟಿದ ಅಜ್ಜಿ ಅದನ್ನು ಹೊತ್ತು ಬುಗುರಿಯಾಗುತ್ತಿದ್ದರು.

ಬಡಾವಣೆಯವರಿಗೆ ವೇಷ ಪುಕ್ಕಟೆ, ಬದಲಿಗೆ ತಾಲೀಮು ತಪ್ಪಿಸುವ ಹಾಗಿಲ್ಲ. ನನ್ನಂಥ ಹೊರಗಿನವರು ದುಡ್ಡು ಕೊಟ್ಟು ಕೊಳ್ಳಬೇಕು. ನನಗೆ ಸಿಕ್ಕಿದ್ದು ಮೆಕ್ಕೆಜೋಳದ ವೇಷ. ಹೆಗಲ ಮೇಲೆ ತಂತಿಯ ಚೌಕಟ್ಟು, ಅದರ ತುಂಬಾ ಹಳದಿ ಗರಿ, ತಲೆ ಮೇಲೆ ಮೂರಡಿ ಜುಟ್ಟು. ಆರಡಿ ಆಳಿಗೆ ಹೊಲಿದಿದ್ದರು. ಐದಡಿ ನಾಲ್ಕಿಂಚಿನ ನಾನು ಒಳಗೆ ಎಲ್ಲಿದ್ದೇನೆ ಅಂತ ಹುಡುಕಬೇಕಿತ್ತು.

ಮೆರವಣಿಗೆಯ ದಿನ ಅದನ್ನು ಹೊತ್ತು ಮೆಟ್ರೋ ಹತ್ತಲು ಹೋದೆ. ಬಾಗಿಲಲ್ಲಿ ಸಿಕ್ಕಿಕೊಂಡೆ. ಮೂರು ಜನ ನನ್ನನ್ನು ಬೀರುವಿನಂತೆ ಓರೆ ಮಾಡಿ ಒಳಗೆ ತುರುಕಿದರು. ಎದುರಿಗೆ ಒಬ್ಬ ಆಕ್ಟೋಪಸ್ ಎಂಟೂ ಕೈ ಮಡಚಿಕೊಂಡು ಕೂತಿದ್ದ. "ಮೊದಲನೇ ಸಲನಾ?" ಅಂದ. ಹೌದು ಅಂತ ತಲೆಯಾಡಿಸಿದ್ದಕ್ಕೆ ಜುಟ್ಟು ಮೇಲಿನ ಕಂಬಿಗೆ ಸಿಕ್ಕಿಕೊಂಡಿತು.

ಮೆರವಣಿಗೆ ನಡೆಯುವ ಸಾಂಬಾಡ್ರೋಮ್ ಅಂದರೆ ಎರಡೂ ಕಡೆ ಗ್ಯಾಲರಿ ಇರುವ, ಸುಮಾರು 700 ಮೀಟರ್ ಉದ್ದದ ರಸ್ತೆ. ವಾಸ್ತುಶಿಲ್ಪಿ ಆಸ್ಕರ್ ನೀಮೇಯರ್ ವಿನ್ಯಾಸ ಮಾಡಿದ್ದು, 1984ರಲ್ಲಿ ಶುರುವಾದದ್ದು. ನಾನು ಹೋದ ವರ್ಷ ಅಷ್ಟು ದೂರಕ್ಕೆ 70 ನಿಮಿಷದ ಗಡುವಿತ್ತು. ಸಾವಿರಾರು ಜನ, ಮನೆಯಷ್ಟೆತ್ತರದ ರಥಗಳು. ಒಂದು ನಿಮಿಷ ಮೀರಿದರೂ ಅಂಕ ಕಟ್. ಸಾಲಿನ ನಡುವೆ ಜಾಗ ಬಿಟ್ಟುಹೋದರೂ ಕಟ್. ಮದುವೆ ದಿಬ್ಬಣವನ್ನು ಎರಡು ಗಂಟೆ ಲೇಟಾಗಿ ಹೊರಡಿಸುವ ಕುಲದಿಂದ ಬಂದ ನನಗೆ ಬೆವರು ಶುರುವಾಯಿತು.

ಕುಣಿತದ ಚಿಂತೆ ಅಷ್ಟಿರಲಿಲ್ಲ. ಗಣೇಶನನ್ನು ಬಿಡುವಾಗ ತಮಟೆಗೆ ಹಾಕುವ ಹೆಜ್ಜೆಯನ್ನೇ ಹಾಕಿದೆ. ಅಷ್ಟು ಗರಿಯೊಳಗೆ ಯಾರಿಗೆ ಕಾಣಬೇಕು? ಆದರೆ ಪ್ರತಿಯೊಬ್ಬರೂ ಹಾಡಬೇಕು. ಅದಕ್ಕೇ ಬೇರೆ ಅಂಕ ಉಂಟು. ಶಿಸ್ತಿನ ಮೇಲ್ವಿಚಾರಕರು ಸಾಲಿನ ಪಕ್ಕದಲ್ಲೇ ಓಡುತ್ತಾ "ಕಾಂತಾ! ಕಾಂತಾ!" ಅಂತ ಕೂಗುತ್ತಾರೆ. ಹಾಡು, ಹಾಡು ಅಂತ. ನನ್ನನ್ನು ಯಾಕೆ ನಮ್ಮತ್ತೆಯ ಹೆಸರಿಂದ ಕರೆಯುತ್ತಾರೋ ಅಂತ ಒಂದು ಕ್ಷಣ ಗಾಬರಿಯಾದೆ.

ಬಾಯಿಪಾಠ ಮಾಡಿದ್ದ ಹಾಡು ಮೊದಲ ಐವತ್ತು ಮೀಟರ್‌ನಲ್ಲೇ ಮರೆತುಹೋಯಿತು. ಬಾಯಿ ಅಂತೂ ಆಡಲೇಬೇಕಲ್ವಾ? ಶಾಲೆ ಅಂದ ಮೇಲೆ ನನಗೆ ಬರುವುದು ಒಂದೇ. "ಹದಿಮೂರ್ ಒಂದ್ಲ ಹದಿಮೂರು, ಹದಿಮೂರ್ ಎರಡ್ಲ ಇಪ್ಪತ್ತಾರು..." ದೇವರಾಣೆ, ತಾಳಕ್ಕೆ ಸೊಗಸಾಗಿ ಕೂತಿತು. ಮೇಲ್ವಿಚಾರಕ ಹೆಬ್ಬೆರಳೆತ್ತಿ ಮೆಚ್ಚಿದ. ನಾನು ದನಿ ಏರಿಸಿದೆ.

ಇಲ್ಲಿ 'ಪರಾಡಿನ್ಯಾ' ಅನ್ನುವ ಒಂದು ವರಸೆ ಇದೆ. ಇನ್ನೂರೈವತ್ತು ವಾದ್ಯಗಳು ತಟ್ಟನೆ ಒಟ್ಟಿಗೆ ನಿಲ್ಲುತ್ತವೆ. ಬರೀ ಜನರ ದನಿ ಉಳಿಯುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ತಾಲೀಮಿನಲ್ಲಿ ನೂರು ಸಲ ಹೇಳಿದ್ದರಂತೆ, ನನಗೆ ಅರ್ಥವಾಗಿರಲಿಲ್ಲ.

ತೀರ್ಪುಗಾರರ ಗೂಡಿನ ಮುಂದೆಯೇ ವಾದ್ಯ ನಿಂತಿತು.

"ಹದಿಮೂರ್ ಏಳ್ಲ ತೊಂಬತ್ತೊಂದು!"

ನನ್ನ ಮುಂದಿದ್ದ ಜೋಳ ತಿರುಗಿ ನೋಡಿತು. ಅಕ್ಕಪಕ್ಕದ ಜೋಳಗಳೂ ನೋಡಿದವು.

ಅಂಕ ಓದುವುದು ಕಾರ್ನಿವಲ್ ಮುಗಿಯುವ ಬೂದಿ ಬುಧವಾರ. ಅಜ್ಜಿಯ ಮನೆಯ ಟೀವಿ ಮುಂದೆ ಹದಿನೈದು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಹಾಡುಗಾರಿಕೆಯ ಸರದಿ ಬಂತು. ಹತ್ತು, ಹತ್ತು, ಹತ್ತು. ನಾಲ್ಕನೆಯವರು ಕೊಟ್ಟದ್ದು 9.9. ಅದನ್ನು ಅವರು ಓದುವುದು "ನೋವಿ ವೀರ್ಗುಲಾ ನೋವಿ" ಅಂತ. ಕನ್ನಡದಲ್ಲೇ ಹೇಳಿದಂತಿತ್ತು. ಯಾರೂ ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ ನಿಧಾನಕ್ಕೆ ನನ್ನ ಕಡೆ ತಿರುಗಿದರು.

ಆಮೇಲೆ ಕೈ ತಟ್ಟಿ ನಕ್ಕರು. ಅತಿ ಕಡಿಮೆ ಅಂಕವನ್ನು ಕೂಡುವಾಗ ಬಿಟ್ಟುಬಿಡುತ್ತಾರೆ, ಶಾಲೆಗೆ ಏನೂ ನಷ್ಟವಿಲ್ಲ. "ನೀನು ಬಿಡು ಮಗು, ಕಫೆ ಕೊಂ ಲೇಚಿ" ಅಂದರು. ಹಾಲು ಹಾಕಿದ ಕಾಫಿ. ಅದು ನನಗೆ ಗೊತ್ತಿತ್ತು.

"ಸಕ್ಕರೆ ಸ್ವಲ್ಪ ಕಡಿಮೆ ಇರಲಿ ಅಜ್ಜಿ" ಅಂದೆ.

ಹದಿನೈದೂ ಜನ ಬಿದ್ದು ಬಿದ್ದು ನಕ್ಕರು. ಯಾಕೆ ಅಂತ ಮರುದಿನ ಆಫೀಸಿನ ಗೆಳೆಯ ಬಿಡಿಸಿ ಹೇಳಿದ. ಚಿಕ್ಕ ಮಕ್ಕಳು ಅಳುತ್ತವೆ ಅಂತ ಆಟಕ್ಕೆ ಸೇರಿಸಿಕೊಂಡು, ಔಟಾದರೂ ಔಟ್ ಕೊಡದೆ ಬಿಡುತ್ತಾರಲ್ಲ, ಅಂಥವರಿಗೆ ಬ್ರೆಜಿಲ್‌ನಲ್ಲಿ ಹಾಲು ಕಾಫಿ ಅನ್ನುತ್ತಾರಂತೆ. ನಮ್ಮ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಅಜ್ಜಿ ಕಾಫಿಯನ್ನೂ ಕೊಟ್ಟಿದ್ದರು. ಸಕ್ಕರೆ ಜಾಸ್ತಿನೇ ಇತ್ತು.