ಏಳು ಸುತ್ತಿನ ಕರೆಂಟು

ಚಿತ್ರದುರ್ಗದಲ್ಲಿ ಸಂಜೆ ಹೊಸ ಹಾರ್ನು, ಫಾಗ್ ಲ್ಯಾಂಪು ಹಾಕಿಸಿಕೊಂಡು ಹೋಗಿ, ಬೆಳಿಗ್ಗೆ ಬೈಕು ತಳ್ಳಿಕೊಂಡು ಬರುವ ಹುಡುಗರದು ಒಂದೇ ಮಾತು: "ಏನೂ ಮಾಡಿಲ್ಲಣ್ಣ, ಸುಮ್ನೆ ನಿಂತಿತ್ತು." ಸೀಟು ಎತ್ತಿದರೆ ಕಪ್ಪು ಟೇಪು ಸುತ್ತಿದ ಗಂಟು, ಪಡ್ಡಿನ ಗಾತ್ರದ್ದು. ಏನೂ ಮಾಡದವರ ಗಾಡಿಯಲ್ಲಿ ಅಂಥ ಗಂಟು ಇರುವುದಿಲ್ಲ.

ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರಿಗೆ ಬ್ಯಾಟರಿಯ ದಪ್ಪ ಕೇಬಲ್ಲು ರಿಲೇ ಮೂಲಕ, ಅಂದರೆ ಸಣ್ಣ ಕರೆಂಟಿನ ಮಾತಿಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚಿನ ಮೂಲಕ, ನೇರ ಹೋಗುತ್ತದೆ. ಆದರೆ ಆ ರಿಲೇಗೆ ಅಪ್ಪಣೆ ತರುವ ಸಣ್ಣ ಕರೆಂಟಿನ ಪಾಡು ಬೇರೆ. ಫ್ಯೂಸು, ಕೀ, ಕಿಲ್ ಸ್ವಿಚ್ಚು, ಕ್ಲಚ್ ಸ್ವಿಚ್ಚು, ಸೈಡ್ ಸ್ಟ್ಯಾಂಡ್ ಸ್ವಿಚ್ಚು, ಸ್ಟಾರ್ಟ್ ಬಟನ್ನು, ಕೊನೆಗೆ ರಿಲೇ. ಗಾಡಿಯಿಂದ ಗಾಡಿಗೆ ಒಂದೆರಡು ಹೆಚ್ಚುಕಡಿಮೆ, ಆದರೂ ಲೆಕ್ಕಕ್ಕೆ ಏಳೇ ಸುತ್ತು. ಕೋಟೆಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಅಲ್ಲಿ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಳಗೆ ನುಸುಳಿದರು, ಇಲ್ಲಿ ಕರೆಂಟು ಕಿಂಡಿಯಲ್ಲಿ ಹೊರಗೆ ಹೋಗುತ್ತದೆ.

ಮೊದಲು ಕಿವಿ ಕೊಡಬೇಕು. ಬಟನ್ ಒತ್ತಿದಾಗ ರಿಲೇ "ಕಟ್" ಅಂದು ಮೋಟಾರು ಸುಮ್ಮನಿದ್ದರೆ ಅಪ್ಪಣೆ ಮುಟ್ಟಿದೆ, ಬಲ ಸಾಲದು. ಮೀಟರ್ ಹಚ್ಚಿ ನೋಡಿ: ತುಂಬಿದ ಬ್ಯಾಟರಿ 12.6 ವೋಲ್ಟ್ ಇರುತ್ತದೆ, ಬಟನ್ ಒತ್ತಿದಾಗಲೂ 10ರ ಕೆಳಗೆ ಬೀಳಬಾರದು. ಬೀಳದಿದ್ದರೆ ಕೇಬಲ್ಲು, ರಿಲೇ ಕಾಂಟ್ಯಾಕ್ಟು, ಅರ್ತ್ ಬೋಲ್ಟಿನ ಕೆಳಗಿನ ತುಕ್ಕು ನೋಡಬೇಕು. "ಕಟ್" ಸದ್ದೂ ಇಲ್ಲವೆಂದರೆ ಏಳು ಸುತ್ತನ್ನೂ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದಾಗಿ ದಾಟಬೇಕು. ಮೋಟಾರು ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪ್ಲಗ್ಗಿನ ಕಿಡಿ ನೋಡಿ. ಇಂಜೆಕ್ಷನ್ ಗಾಡಿಯಾದರೆ ಕೀ ಹಾಕಿದ ತಕ್ಷಣ ಟ್ಯಾಂಕಿನಲ್ಲಿ ಪಂಪು ಒಂದೆರಡು ಸೆಕೆಂಡು ಗುಂಯ್ ಅನ್ನಬೇಕು. ಅಂಥ ಗಾಡಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರು) ವೈರಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ, ಮೀಟರೇ ಸಾಕು.

ಎಲ್ಲಕ್ಕಿಂತ ಕಾಡುವುದು ಹಾಕಿದಷ್ಟು ಸಲ ಹೋಗುವ ಫ್ಯೂಸು. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವ ಪುಣ್ಯಾತ್ಮರು ಇನ್ನೂ ಇದ್ದಾರೆ. ಅವರ ಗಾಡಿಯಲ್ಲಿ ಫ್ಯೂಸಿನ ಬದಲು ವೈರಿಂಗ್ ಕಿಟ್ಟೇ ಸುಡುತ್ತದೆ. ಅದರ ಬದಲು 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬಿಗೆ ಎರಡು ವೈರು ಕಟ್ಟಿ ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ. ಶಾರ್ಟ್ ಇದ್ದರೂ ಅದು ಎರಡು ಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲ. ಹೆಡ್‌ಲೈಟ್ ಕನೆಕ್ಟರ್ ಬಿಚ್ಚಿಟ್ಟು ಕೀ ಹಾಕಿ. ಬಲ್ಬು ಮಂಕಾಗಿ ಉರಿದರೆ ಮೀಟರು, ನ್ಯೂಟ್ರಲ್ ಲೈಟಿನ ಪಾಲು, ಚಿಂತೆಯಿಲ್ಲ. ಝಗ್ ಅಂತ ಪೂರ್ತಿ ಉರಿದರೆ ಶಾರ್ಟ್. ಈಗ ಹ್ಯಾಂಡಲನ್ನು ನಿಧಾನ ಎಡಕ್ಕೆ ತಿರುಗಿಸಿ, ಆಮೇಲೆ ಬಲಕ್ಕೆ. ಎಡಕ್ಕೆ ಹೋದಾಗ ಉರಿದು ಬಲಕ್ಕೆ ಬಂದಾಗ ಮಂಕಾದರೆ, ಹ್ಯಾಂಡಲ್ ಕತ್ತಿನ ಹತ್ತಿರ ಹೊಸ ವೈರು ಫ್ರೇಮಿಗೆ ಉಜ್ಜಿ ತಾಮ್ರ ಕಾಣುತ್ತಿರುತ್ತದೆ. ಅಲ್ಲಾಡದೆ ಒಂದೇ ಸಮ ಉರಿಯುತ್ತಿದ್ದರೆ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ. ಯಾವುದು ಬಿಚ್ಚಿದಾಗ ಮಂಕಾಯಿತೋ ಆ ಕವಲಿನಲ್ಲೇ ಕಿಂಡಿ. ಟ್ಯಾಂಕ್ ಬೋಲ್ಟಿನ ಕೆಳಗೂ ಒಮ್ಮೆ ಬೆರಳಾಡಿಸಿ.

ಹಾರ್ನ್ ಬಟನ್ ಒತ್ತಿದಾಗ ಮಾತ್ರ ಫ್ಯೂಸು ಹೋದರೆ ಅದರ ಗುಟ್ಟು ಬೇರೆ. ಕೆಲವು ಗಾಡಿಯಲ್ಲಿ ಹಾರ್ನ್ ಸ್ವಿಚ್ಚು ಪ್ಲಸ್ ಕೊಡುತ್ತದೆ, ಕೆಲವದರಲ್ಲಿ ಅರ್ತ್ ಕೊಡುತ್ತದೆ. ಅರ್ತ್ ಕೊಡುವ ವೈರಿಗೆ ಪ್ಲಸ್ ಜೋಡಿಸಿದರೆ ಒತ್ತಿದೊಡನೆ ಶಾರ್ಟ್, ಕೇಳುವುದೇ ಬೇಡ.

ಸರಿಯಾಗಿ ಹಾಕುವುದಾದರೆ ರಿಲೇ ಬೇಕೇ ಬೇಕು. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ದಾಟಿ 30ನೇ ಪಿನ್ನಿಗೆ, 87ರಿಂದ ಹಾರ್ನಿಗೆ, 85 ಮತ್ತು 86ರಲ್ಲಿ ಒಂದು ಸ್ವಿಚ್ಚಿಗೆ. ಸ್ವಿಚ್ಚು ಪ್ಲಸ್ ಕೊಡುವುದಾದರೆ ಇನ್ನೊಂದು ಅರ್ತಿಗೆ, ಅರ್ತ್ ಕೊಡುವುದಾದರೆ ಕೀ ಆದಮೇಲಿನ ಪ್ಲಸ್ಸಿಗೆ. ವೈರು 1.5 ಚದರ ಮಿಲಿಮೀಟರಿಗಿಂತ ತೆಳು ಬೇಡ. ಟೇಪು ದುರ್ಗದ ಏಪ್ರಿಲ್ ಬಿಸಿಲಿಗೆ ಬೆಲ್ಲದ ಪಾಕದಂತೆ ಜಾರುತ್ತದೆ, ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಕಚ್ಚಿಕೊಳ್ಳುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಸೀಟು ಮುಚ್ಚುವ ಮುಂಚೆ ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಉಸಿರು ಕಟ್ಟದೆ ಓಡಿದರೆ ಹುಡುಗ ಹಾರ್ನ್ ಹೊಡೆದು ನೋಡಲಿ. ಹೇಗೂ ಅವನ ಹೆಬ್ಬೆರಳು ಆಗಲೇ ಅಲ್ಲಿರುತ್ತದೆ.