ನರ್ಸಿಂಗ್ ಮಕ್ಕಳನ್ನು ಪೇಷಂಟ್ ಮುಂದೆ ಬೈಯಬೇಡಿ

"ನಾವೂ ಹೀಗೇ ಬೈಸಿಕೊಂಡು ಕಲಿತದ್ದು."

ನರ್ಸಿಂಗ್ ಕಾಲೇಜುಗಳಲ್ಲಿ, ವಾರ್ಡುಗಳಲ್ಲಿ ನಾನು ಪದೇ ಪದೇ ಕೇಳಿರುವ ಮಾತು ಇದು. ಪ್ರಿನ್ಸಿಪಾಲರೂ ಹೇಳುತ್ತಾರೆ, ಇನ್‌ಚಾರ್ಜ್ ಸಿಸ್ಟರೂ (ವಾರ್ಡಿನ ಜವಾಬ್ದಾರಿ ಹೊತ್ತ ಹಿರಿಯ ನರ್ಸ್) ಹೇಳುತ್ತಾರೆ. ನಿನ್ನೆ ಮೊನ್ನೆ ಎಂಎಸ್ಸಿ ಮುಗಿಸಿ ಪಾಠ ಮಾಡಲು ಸೇರಿದವರೂ ಈಗ ಇದನ್ನೇ ಹೇಳುತ್ತಿದ್ದಾರೆ. ಈ ಮಾತು ನಿಲ್ಲಲೇಬೇಕು ಅಂತ ನನಗನ್ನಿಸುತ್ತದೆ. ಮಕ್ಕಳ ಮನಸ್ಸಿಗೆ ನೋವಾಗುತ್ತದೆ ಅನ್ನುವುದು ಒಂದು ಕಾರಣ. ಹಾಸಿಗೆ ಮೇಲೆ ಮಲಗಿರುವ ಪೇಷಂಟ್ ಅದಕ್ಕಿಂತ ದೊಡ್ಡ ಕಾರಣ.

ಇನ್ಸುಲಿನ್ ವಿಷಯವನ್ನೇ ತಗೊಳ್ಳಿ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಸಿರಿಂಜೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಕ್ಯಾಪ್, 100ರದ್ದಕ್ಕೆ ಕಿತ್ತಳೆ ಕ್ಯಾಪ್. ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 100ರ ಇನ್ಸುಲಿನ್ ತುಂಬಿ 20ರ ಗೆರೆವರೆಗೆ ಎಳೆದರೆ, ಪೇಷಂಟ್ ಮೈಗೆ ಹೋಗುವುದು 50 ಯೂನಿಟ್. ಶುಗರ್ ಇಳಿದು ಬೆವರು, ನಡುಕ ಶುರುವಾಗುತ್ತದೆ, ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ ಆಗಬಹುದು.

ಬೆಳಗಿನ ತಿಂಡಿ ಬರುವ ಹೊತ್ತು. ಸೆಕೆಂಡ್ ಇಯರ್ ಹುಡುಗಿಯೊಬ್ಬಳು ಮೆಡಿಸಿನ್ ಟ್ರಾಲಿ ಪಕ್ಕ ಸಿರಿಂಜ್ ಹಿಡಿದು ನಿಂತಿದ್ದಾಳೆ ಅಂದುಕೊಳ್ಳಿ. ಅನುಮಾನ ಬಂದಿದೆ. "ಸಿಸ್ಟರ್, ಇದಕ್ಕೆ ಯಾವ ಸಿರಿಂಜ್?" ಅಂತ ಕೇಳಿದರೆ ಮುಗಿಯಿತು. ಆದರೆ ಹಿಂದಿನ ದಿನ ಹೀಗೇ ಏನೋ ಕೇಳಿದ್ದಕ್ಕೆ ಇಡೀ ವಾರ್ಡಿನ ಎದುರು "ಇಷ್ಟೂ ಗೊತ್ತಿಲ್ವಾ? ನಿಮ್ಮಪ್ಪ ಯಾಕಾದ್ರೂ ದುಡ್ಡು ಕಟ್ಟಿ ಕಳಿಸಿದ್ನೋ" ಅನ್ನಿಸಿಕೊಂಡಿದ್ದಾಳೆ. ಇವತ್ತು ಕೇಳುತ್ತಾಳಾ? ನಾನು ನೋಡಿದ ಮಟ್ಟಿಗೆ ಕೇಳುವುದಿಲ್ಲ. ಪಕ್ಕದಲ್ಲಿರುವ ಕ್ಲಾಸ್‌ಮೇಟ್ ಕಿವಿಯಲ್ಲಿ ಪಿಸುಗುಡುತ್ತಾಳೆ. ಅವಳಿಗೂ ಗೊತ್ತಿರುವುದಿಲ್ಲ.

ಕಲಿಯುವ ಮಕ್ಕಳ ಕಥೆ ಬಿಡಿ, ಅನುಭವ ಇರುವವರಿಗೂ ಹೀಗೇ ಆಗುತ್ತದೆ. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ 24 ತಂಡಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ್ದರು. 2015ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಅದು ಬಂತು. ಡಾಕ್ಟರು, ನರ್ಸುಗಳು ಸೇರಿ ಒಂದು ನಕಲಿ ಕೇಸ್ ನೋಡಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗು, ಸ್ಥಿತಿ ಕೆಡುತ್ತಿದೆ. ಕೆಲವು ತಂಡಗಳಿಗೆ ಹೊರದೇಶದ ತಜ್ಞರೊಬ್ಬರಿಂದ ಇಸ್ರೇಲಿನ ವೈದ್ಯಕೀಯದ ಬಗ್ಗೆ ಒಂದೆರಡು ಕೊಂಕು ಮಾತು ಹೇಳಿಸಿದರು. ಕೂಗಾಟ ಇಲ್ಲ, ಬೈಗುಳ ಇಲ್ಲ. ಅಷ್ಟಕ್ಕೇ ಆ ತಂಡಗಳು ಕಾಯಿಲೆ ಗುರುತಿಸುವುದರಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳಿಕೊಳ್ಳುವುದು, ಸಹಾಯ ಕೇಳುವುದು ಕಮ್ಮಿಯಾಗಿತ್ತು. ವರ್ಷಗಟ್ಟಲೆ ಕೆಲಸ ಮಾಡಿದವರಿಗೇ ಹೀಗಾದರೆ, ಹತ್ತೊಂಬತ್ತು ವರ್ಷದ ಹುಡುಗಿಯ ಗತಿ ಏನು?

ರ್‍ಯಾಗಿಂಗ್ ಬಗ್ಗೆ ನಮಗೆಲ್ಲ ಗೊತ್ತು. 2009ರಲ್ಲಿ ಹಿಮಾಚಲದ ಮೆಡಿಕಲ್ ಕಾಲೇಜಿನಲ್ಲಿ ಅಮನ್ ಕಾಚ್ರೂ ಅನ್ನುವ ವಿದ್ಯಾರ್ಥಿ ಸೀನಿಯರ್‌ಗಳ ಹೊಡೆತಕ್ಕೆ ಸತ್ತ ಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಠಿಣ ನಿಯಮ ತಂದಿತು. ಆದರೂ 2025ರ ಫೆಬ್ರವರಿಯಲ್ಲಿ ಕೇರಳದ ಕೊಟ್ಟಾಯಂನ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ಜೂನಿಯರ್‌ಗಳಿಗೆ ಚಿತ್ರಹಿಂಸೆ ಕೊಟ್ಟ ಆರೋಪದ ಮೇಲೆ ಐವರು ಸೀನಿಯರ್‌ಗಳ ಬಂಧನವಾಯಿತು. ಅಂಥದ್ದಾದಾಗ ಪೇಪರಿನಲ್ಲಿ ಬರುತ್ತದೆ, ಪೊಲೀಸರು ಬರುತ್ತಾರೆ. ಆದರೆ ಆ ನಿಯಮದಲ್ಲಿ ರ್‍ಯಾಗಿಂಗ್ ಅಂದರೆ ವಿದ್ಯಾರ್ಥಿ ವಿದ್ಯಾರ್ಥಿಗೆ ಮಾಡುವುದು. ಪೇಷಂಟ್ ಕಡೆಯವರ ಎದುರು ಟೀಚರ್ ಕೇಸ್ ಶೀಟ್ ಎಸೆದರೆ, ಇಂಗ್ಲಿಷ್ ತಡವರಿಸಿದ್ದಕ್ಕೆ ಕೊಪ್ಪಳದ ಕನ್ನಡ ಮೀಡಿಯಂ ಹುಡುಗನನ್ನು ಆಡಿಕೊಂಡರೆ, ಕನ್ನಡ ಬಾರದ ಮಣಿಪುರದ ಹುಡುಗಿಯನ್ನು ಮುಖ ನೋಡಿ ಹೀಯಾಳಿಸಿದರೆ, ಅದು ಆಂಟಿ ರ್‍ಯಾಗಿಂಗ್ ಕಮಿಟಿ ಮುಂದೆ ಬರುವುದೇ ಇಲ್ಲ. ಬೇರೆ ಕಡೆ ದೂರು ಕೊಡೋಣ ಅಂದರೆ ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ? ಮಾಡಿದ ಪ್ರೊಸೀಜರ್‌ಗಳನ್ನು ಬರೆದಿಡುವ ಲಾಗ್ ಬುಕ್ಕಿಗೆ ಸಹಿ ಹಾಕುವವರು ಯಾರು? ಸಹಿಗಾಗಿ ಡ್ಯೂಟಿ ಮುಗಿದ ಮೇಲೂ ವಾರ್ಡಿನ ನರ್ಸಿಂಗ್ ಸ್ಟೇಷನ್ ಹತ್ತಿರ ಗಂಟೆಗಟ್ಟಲೆ ನಿಂತಿರುವ ಮಕ್ಕಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬೈಯುವವರೆಲ್ಲ ಕೆಟ್ಟವರು ಅಂತ ಹೇಳುತ್ತಿಲ್ಲ. ರೌಂಡ್ಸಿನಲ್ಲಿ ಡಾಕ್ಟರ್ ಇನ್‌ಚಾರ್ಜ್ ಸಿಸ್ಟರ್ ಮೇಲೆ ರೇಗುತ್ತಾರೆ. ಅವರು ಸ್ಟಾಫ್ ನರ್ಸ್ ಮೇಲೆ ರೇಗುತ್ತಾರೆ. ಆಕೆ ಒಬ್ಬಳೇ ಮೂವತ್ತು ನಲವತ್ತು ಪೇಷಂಟ್ ನೋಡಿ ಸುಸ್ತಾಗಿರುತ್ತಾಳೆ, ಸಂಬಳ ನೋಡಿದರೆ ಅಳು ಬರುತ್ತದೆ. ಕೊನೆಗೆ ಕೈಗೆ ಸಿಗುವುದು ಸ್ಟೂಡೆಂಟ್. ಆ ಸ್ಟೂಡೆಂಟ್ ಮುಂದೆ ಸ್ಟಾಫ್ ಆದಾಗ ಅವಳ ಸರದಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಹಾಗೆಯೇ. ಮಕ್ಕಳ ಕಡೆಯಿಂದಲೂ ತಪ್ಪಿದೆ. ಪಾಠದ ಮಧ್ಯೆ ಫೋನ್ ನೋಡುವುದು, ಹೊಸ ಟೀಚರ್ ಫೋಟೋ ತೆಗೆದು ಗ್ರೂಪಿನಲ್ಲಿ ಹಾಕಿ ಆಡಿಕೊಳ್ಳುವುದು. ಅದನ್ನೂ ಬಿಡಬಾರದು. ಆದರೆ ಅಧಿಕಾರ ಯಾರ ಕೈಯಲ್ಲಿ ಜಾಸ್ತಿ ಇದೆಯೋ ಅವರೇ ಮೊದಲು ಸರಿಹೋಗಬೇಕು, ಅಲ್ವಾ?

ಶಿಸ್ತು ಬೇಡ ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ. ನಾನು ಕಂಡ ಅತಿ ಸ್ಟ್ರಿಕ್ಟ್ ಮೇಡಂ ಒಬ್ಬರಿದ್ದರು. ಹುಡುಗಿಯೊಬ್ಬಳು ಡ್ರೆಸ್ಸಿಂಗ್ ಮಾಡುವಾಗ ಸ್ಟೆರೈಲ್ ಗ್ಲೌಸ್ ಹಾಕಿದ ಕೈ ಮಂಚದ ಕಂಬಿಗೆ ತಾಗಿತು. ಮೇಡಂ "ನಿಲ್ಲಿಸಮ್ಮ" ಅಂದರು. ಬೇರೆ ಗ್ಲೌಸ್ ಕೊಟ್ಟರು. ಪೇಷಂಟ್ ಅಜ್ಜಿಗೆ "ಎರಡೇ ನಿಮಿಷ ಅಜ್ಜಿ" ಅಂದರು. ಕೆಲಸ ಮುಗಿದ ಮೇಲೆ ಹುಡುಗಿಯನ್ನು ಟ್ರೀಟ್‌ಮೆಂಟ್ ರೂಮಿಗೆ ಕರೆದು ಬಾಗಿಲು ಹಾಕಿ, ಎಲ್ಲಿ ತಪ್ಪಿತು ಅಂತ ಅವಳ ಬಾಯಿಂದಲೇ ಹೇಳಿಸಿದರು. ಮತ್ತೆ ಸ್ಕಿಲ್ ಲ್ಯಾಬಿನಲ್ಲಿ ಸರಿಯಾಗುವ ತನಕ ಮಾಡಿಸಿದರು. ಒಂದಿಷ್ಟೂ ರಿಯಾಯಿತಿ ಕೊಡಲಿಲ್ಲ. ಮುಂದೆ ಆ ಹುಡುಗಿಯೇ ತಾನಾಗಿ ಬಂದು "ಮೇಡಂ, ನನ್ನ ಕೈ ತಾಗಿತು, ಬೇರೆ ಗ್ಲೌಸ್ ಕೊಡಿ" ಅನ್ನುತ್ತಿದ್ದಳು. ಇನ್‌ಫೆಕ್ಷನ್ ತಡೆಯುವುದಕ್ಕೆ ಇದಕ್ಕಿಂತ ಇನ್ನೇನು ಬೇಕು?

ಕಾಲೇಜು ನಡೆಸುವವರು, ಪಾಠ ಮಾಡುವವರು ಈ ಪೋಸ್ಟ್ ಓದುತ್ತಿದ್ದರೆ ನನ್ನ ಮನವಿ ಇಷ್ಟು. ಮುಂದಿನ ಬ್ಯಾಚ್ ಪೋಸ್ಟಿಂಗಿಗೆ, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯಲು, ಹೋಗುವ ಮೊದಲು ಆಸ್ಪತ್ರೆಯ ಇನ್‌ಚಾರ್ಜ್ ಸಿಸ್ಟರುಗಳ ಜೊತೆ ಒಮ್ಮೆ ಕೂತು ಮಾತಾಡಿ. ಪೇಷಂಟ್ ಮುಂದೆ ಬೈಯುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಳ್ಳಿ. ಡಾಕ್ಟರುಗಳನ್ನೂ ಕೂರಿಸಿಕೊಳ್ಳಿ, ಅವರನ್ನು ಬಿಟ್ಟರೆ ಇದು ಆಗುವುದಿಲ್ಲ. ಮಕ್ಕಳ ದೂರು ಕೇಳುವವರು ಆ ಮಕ್ಕಳಿಗೆ ಮಾರ್ಕ್ಸ್ ಹಾಕುವವರಾಗಿರಬಾರದು. ಲಾಗ್ ಬುಕ್ ಸಹಿ ಆ ಪೋಸ್ಟಿಂಗ್ ಮುಗಿಯುವುದರೊಳಗೇ ಆಗಬೇಕು. ಹಾಕುವುದಿಲ್ಲ ಅಂದರೆ ಯಾವ ಪ್ರೊಸೀಜರ್ ಸರಿ ಬಂದಿಲ್ಲ, ಮತ್ತೆ ಯಾವತ್ತು ಮಾಡಿಸುತ್ತೀರಿ ಅಂತ ಅದೇ ಪುಟದಲ್ಲಿ ಬರೆದು ಕೊಡಿ.